ಬೇಡವೆಂದ ಅನುದಾನ

ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಭೂಕಂಪದ ನಂತರ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರವನ್ನು ಮತ್ತೆ ಕಟ್ಟುತ್ತಿದ್ದ ವರ್ಷಗಳಲ್ಲಿ ನಾನು ಅಲ್ಲಿನ ರಿಕ್ಕರ್ಟನ್ ಬಡಾವಣೆಯ ಒಂದು ಸಣ್ಣ ಸಂಘದ ಕಾರ್ಯದರ್ಶಿಯಾಗಿದ್ದೆ. ಕಟ್ಟಡ ಕೆಲಸಕ್ಕೆ ಬಂದ ವಲಸೆ ಕಾರ್ಮಿಕರಿಗೆ ಅವರ ಹಕ್ಕುಗಳನ್ನು ತಿಳಿಸುವುದು ಹಾಗೂ ಅಗತ್ಯಬಿದ್ದಲ್ಲಿ ಅವರ ಪರವಾಗಿ ಮಾಲೀಕರೊಡನೆ ಜಗಳವಾಡುವುದು ಸಂಘದ ಉದ್ದೇಶವಾಗಿತ್ತು. ಜಗಳದ ಭಾಗವನ್ನು ಹುಬ್ಬಳ್ಳಿಯ ಯುವತಿಯೊಬ್ಬಳು ನಿರ್ವಹಿಸುತ್ತಿದ್ದಳು. ಸಂಘದಲ್ಲಿ ಸಂಬಳವಿದ್ದುದು ಅವಳಿಗೊಬ್ಬಳಿಗೇ. ಉಳಿದ ನಾವು ಸಾಫ್ಟ್‌ವೇರ್ ಕೆಲಸ ಮುಗಿಸಿ ಬಂದು ಸಭೆ ನಡೆಸುತ್ತಿದ್ದೆವು.

ಅವಳ ಸಂಬಳವನ್ನು ಸ್ಥಳೀಯ ಕುಟುಂಬವೊಂದರ ಖಾಸಗಿ ಪ್ರತಿಷ್ಠಾನವು ಭರಿಸುತ್ತಿತ್ತು. ಅಜ್ಜ ಕುರಿ ಸಾಕಿ ಗಳಿಸಿದ್ದನ್ನು ಮೊಮ್ಮಕ್ಕಳು ಕಾರ್ಮಿಕರ ಹಕ್ಕು, ನದಿಗಳ ರಕ್ಷಣೆ ಮುಂತಾದ ಕಾರ್ಯಗಳಿಗೆ ಕೊಡುತ್ತಿದ್ದರು. ಸಮುದಾಯದವರು ಹೇಳಿದ್ದೇ ಅಂತಿಮ, ಒತ್ತಾಯ ಸಲ್ಲದು ಎಂಬುದು ಅವರ ನೀತಿ. ಸದರಿ ನೀತಿಯನ್ನು ನಾವೆಲ್ಲರೂ ಬಹಳ ಮೆಚ್ಚಿದ್ದೆವು.

ನೆರವಿನ ಅವಧಿ ಮುಗಿಯುವ ತಿಂಗಳು ಆ ಕುಟುಂಬದ ಮೊಮ್ಮಗಳು ಸ್ವತಃ ನಮ್ಮ ಅಧ್ಯಕ್ಷೆಯ ಮನೆಗೆ ಆಗಮಿಸಿದರು. ಅಧ್ಯಕ್ಷೆ ಮೈಸೂರಿನವರು, ನಮಗೆಲ್ಲ ಆಂಟಿ. ನಾನೂ ಹುಬ್ಬಳ್ಳಿಯವಳೂ ಅಲ್ಲಿ ಹಾಜರಿದ್ದೆವು. ಚಹಾ ಆದ ಮೇಲೆ ಅತಿಥಿಯು, ಮುಂದಿನ ವರ್ಷವೂ ನೆರವು ಬೇಕೇ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದರು.

"ನೋ, ನೋ!" ಆಂಟಿ ಎರಡೂ ಕೈ ಆಡಿಸಿದರು. "ಆಲ್ರೆಡಿ ಯೂ ಹ್ಯಾವ್ ಡನ್ ಸೋ ಮಚ್. ಪ್ಲೀಸ್, ನೋ ನೀಡ್."

ಅತಿಥಿಯು ಗೌರವದಿಂದ ತಲೆಯಾಡಿಸಿ, ನಿಮ್ಮ ತೀರ್ಮಾನ ನಮಗೆ ಅರ್ಥವಾಗುತ್ತದೆ ಎಂದು ತಿಳಿಸಿ, ಶೂ ಹಾಕಿಕೊಳ್ಳಲು ಬಾಗಿಲಿಗೆ ನಡೆದರು. ಮೊದಲ ಸಲಕ್ಕೇ ಬೇಕೆನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲವೆಂಬುದನ್ನೂ, ಮತ್ತೆ ಕೇಳುವುದು ಕೇಳುವವರ ಜವಾಬ್ದಾರಿಯೆಂಬುದನ್ನೂ ಅವರಿಗೆ ಯಾರೂ ತಿಳಿಸಿರಲಿಲ್ಲ.

"ಏನ್ರೀ ಆಂಟಿ, ನನ್ನ ನೌಕರಿ ಬ್ಯಾಡ ಅಂದ್ಬಿಟ್ರಿ?" ಎಂದಳು ಹುಬ್ಬಳ್ಳಿಯವಳು.

"ಇನ್ನೊಂದ್ಸಲ ಕೇಳ್ತಾರೆ, ಸುಮ್ನಿರೇ."

"ಕೇಳಂಗಿಲ್ರೀ, ಅವ್ರು ಕೀವಿ ಮಂದಿ! ಶೂ ಹಾಕ್ಕೊಳ್ಳಾಕತ್ತಾರ!"

"ಕೊಡ್ತೀನಿ ಅಂದ ತಕ್ಷಣ ಬಾಚ್ಕೊಳ್ಳೋಕಾಗತ್ತಾ? ಏನಂದ್ಕೋತಾರೆ?"

ಕಾರ್ಯದರ್ಶಿಯಾದ ಕಾರಣ ನನ್ನನ್ನು ಬಾಗಿಲಿಗೆ ಕಳುಹಿಸಲಾಯಿತು. ನಮ್ಮಲ್ಲಿ ಮೊದಲ ನಿರಾಕರಣೆಯನ್ನು ಪರಿಗಣಿಸುವುದಿಲ್ಲವೆಂದು ವಿನಮ್ರವಾಗಿ ನಿವೇದಿಸಿಕೊಂಡೆ. ಒಂದೇ ಕಾಲಿಗೆ ಶೂ ಹಾಕಿದ್ದ ಅತಿಥಿ ಯೋಚಿಸಿದರು.

"ಹಾಗಾದರೆ ಎಷ್ಟನೆಯದನ್ನು ಪರಿಗಣಿಸಬೇಕು?"

"ಅದು ಆಂಟಿಯನ್ನು ಅವಲಂಬಿಸಿದೆ."

ಬೇಡವೆಂದವರನ್ನು ಮತ್ತೆ ಕೇಳುವುದು ಪ್ರತಿಷ್ಠಾನದ ನೀತಿಗೆ ವಿರುದ್ಧವೆಂದು ಅವರು ಸ್ಪಷ್ಟಪಡಿಸಿದರು. ಆದರೂ ಒಳಗೆ ಬಂದು, ಮೊದಲು ಕ್ಷಮೆ ಕೋರಿ, ಮತ್ತೆ ಕೇಳಿದರು.

"ಅಯ್ಯೋ, ವೈ ಅಗೇನ್ ಯೂ ಆರ್ ಟೇಕಿಂಗ್ ಟ್ರಬಲ್..." ಎಂದು ಆಂಟಿ ಆರಂಭಿಸಿದರು. ಅತಿಥಿಯು ಮತ್ತೆ ಬಾಗಿಲತ್ತ ತಿರುಗಿದರು.

"ಆಂಟಿ, ಪಗಾರ ನಂದೈತಿ," ಎಂದಳು ಹುಬ್ಬಳ್ಳಿಯವಳು. "ಮರ್ಯಾದಿ ನೀವಿಟ್ಕೋರಿ."

ಆಂಟಿ ಚಹಾದ ಕಪ್ಪುಗಳನ್ನು ಒಂದೊಂದಾಗಿ ತಟ್ಟೆಗೆ ಜೋಡಿಸಿದರು. ಬಳಿಕ ಅವಳತ್ತ ಕೈ ತೋರಿಸಿ, ತಮಗೂ ಈ ವಿಷಯಕ್ಕೂ ಯಾವುದೇ ಸಂಬಂಧವಿಲ್ಲವೆಂಬಂತೆ, "ಬೇಕಂತೆ" ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಬರೀ 'ಯೆಸ್' ಎಂದು ಅನುವಾದಿಸಿದೆ.

ಪ್ರತಿಷ್ಠಾನವು ಇದನ್ನು ಸಮುದಾಯದ ತೀರ್ಮಾನವೆಂದು ಅಂಗೀಕರಿಸಿತು. ಸೋಮವಾರ ಬೆಳಿಗ್ಗೆ ಹುಬ್ಬಳ್ಳಿಯವಳು ಗುತ್ತಿಗೆದಾರನೊಬ್ಬನೊಡನೆ ಜಗಳಕ್ಕೆ ಹೋದಳು.