ಏನನ್ನೂ ಕೇಳದ ಬೆಳಕು

ಸೀರೆ ಅಂಗಡಿಯಲ್ಲಿ ನಾನು ಹೆಚ್ಚು ಹೊತ್ತು ಕೂರುವವಳಲ್ಲ. ಆದರೆ ಮೊಬೈಲಿಗೆ ಒಂದು ಟಾರ್ಚ್ ಆ್ಯಪ್ ಆರಿಸಲು ಹತ್ತಿರ ಹತ್ತಿರ ಒಂದು ವಾರ ಹಿಡಿಯಿತು. ಹೇಳಿದರೆ ನಗುತ್ತೀರಿ. ಟಾರ್ಚ್ ಮೊಬೈಲಿನಲ್ಲೇ ಇರುತ್ತದಲ್ಲ, ಮೇಲಿನಿಂದ ಬೆರಳಲ್ಲಿ ಎಳೆದರೆ ಬರುತ್ತದಲ್ಲ ಎಂದು ಆಗಲೇ ಅಂದುಕೊಂಡಿರುತ್ತೀರಿ. ಬರುತ್ತದೆ, ನೀವು ಎಳೆದರೆ. ನಮ್ಮ ಅತ್ತೆ ಎಳೆದರೆ ಬರುವುದೇ ಬೇರೆ.

ಒಮ್ಮೆ ಅವರ ಬೆರಳು ವಿಮಾನದ ಚಿತ್ರದ ಮೇಲೆ ಬಿದ್ದು, ಹಾವೇರಿಯಲ್ಲಿರುವ ನನ್ನ ನಾದಿನಿ ಅರ್ಧ ದಿನ ಅವ್ವನಿಗೆ ಫೋನ್ ಹತ್ತದೆ ಗಾಬರಿಯಾದಳು. ಪಕ್ಕದ ಜಕ್ಕೂರಿನ ವಿಮಾನ ನಿಲ್ದಾಣದಿಂದ ಎದ್ದ ಪುಟ್ಟ ವಿಮಾನಗಳು ದಿನವೂ ನಮ್ಮ ತಾರಸಿಯ ಮೇಲೆ ಗಿರಕಿ ಹೊಡೆಯುತ್ತವೆ, ಅದಕ್ಕೆಲ್ಲ ನಾವು ಹೊಂದಿಕೊಂಡಿದ್ದೇವೆ. ಫೋನಿನೊಳಗೂ ಒಂದು ವಿಮಾನವಿದ್ದು, ಅದು ಹತ್ತಿದರೆ ಯಾರ ಕರೆಯೂ ಬರುವುದಿಲ್ಲ ಎನ್ನುವುದಕ್ಕೆ ಮಾತ್ರ ಅತ್ತೆ ಹೊಂದಿಕೊಳ್ಳಲಿಲ್ಲ.

ಅಷ್ಟಕ್ಕೂ ಅತ್ತೆಗೆ ಟಾರ್ಚ್ ಯಾಕೆ ಬೇಕು ಎಂದರೆ, ಹೂ ಕಟ್ಟಲು. ನಾವಿರುವುದು ಅಮೃತಹಳ್ಳಿಯಲ್ಲಿ, ಮೊದಲ ಮಹಡಿ. ಮೆಟ್ಟಿಲು ಮನೆಯ ಹೊರಗಡೆ. ಬೀದಿಯ ಆಚೆ ಬದಿಗೆ ಗೌರಮ್ಮನವರ ಮನೆ. ಅವರು ಇಲ್ಲಿಯದೇ ಹಳೆಯ ಊರಿನವರು. ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳೆದ್ದಿವೆ, ಆದರೆ ಮುಂದಿನ ಜಗಲಿಯನ್ನು ಮಾತ್ರ ಅವರು ಕೆಡವಲು ಬಿಟ್ಟಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಬಿಡಿ ಹೂವಿನ ಬುಟ್ಟಿ ಹಿಡಿದು ಆ ಜಗಲಿಗೆ ಹೋಗುತ್ತಾರೆ. ಇಬ್ಬರೂ ಮರುದಿನದ ಪೂಜೆಗೆ ಮಾಲೆ ಕಟ್ಟುತ್ತಾರೆ. ಅತ್ತೆಯದು ಹಾವೇರಿ ಮಾತು, ಗೌರಮ್ಮನವರದು ಈ ಕಡೆಯ ಹಳ್ಳಿ ಮಾತು. ಒಬ್ಬರು ಹೇಳಿದ್ದರಲ್ಲಿ ಇನ್ನೊಬ್ಬರಿಗೆ ಎಷ್ಟು ತಿಳಿಯುತ್ತದೋ ನಾನರಿಯೆ. ನಗು ಮಾತ್ರ ನಮ್ಮ ಅಡುಗೆಮನೆಯವರೆಗೂ ಕೇಳುತ್ತದೆ.

ಹೀಗಿರುವಾಗ ಒಂದು ಸಂಜೆ ಅತ್ತೆ ಮೆಟ್ಟಿಲ ನಡುವೆ ಇದ್ದಾಗಲೇ ಕರೆಂಟ್ ಹೋಯಿತು. ಕಾಲು ಜಾರಿ ಕುಸಿದು ಕೂತರು. ಮೊಣಕಾಲು ತರಚಿತು, ಹೂವೆಲ್ಲ ಮೆಟ್ಟಿಲ ಮೇಲೆ ಚೆಲ್ಲಿತು. ಅಷ್ಟರಲ್ಲೇ ಹೋಯಿತಲ್ಲ ಎಂದು ನಾನು ದೇವರಿಗೆ ಕೈ ಮುಗಿದೆ. ನಮ್ಮೆಜಮಾನರು ಕಾನೂನೇ ಮಾಡಿಬಿಟ್ಟರು: "ಅವ್ವಾ, ನಾಳಿಂದ ಸಂಜಿಮುಂದ ಕೆಳಗ ಇಳಿಯೂದು ಬ್ಯಾಡ. ಹೂವು ಬೇಕಂದ್ರ ಇಲ್ಲೇ ಕಟ್ಟು."

ಮರುದಿನ ಅತ್ತೆ ಅಡುಗೆಮನೆ ಕಿಟಕಿಯ ಕೆಳಗೆ ಕೂತು ಒಬ್ಬರೇ ಕಟ್ಟಿದರು. ಅವರ ಮಾಲೆ ಎಂದರೆ ಹೂವು ಹೂವಿಗೆ ಅಂಟಿಕೊಂಡಿರುತ್ತದೆ, ಕೊಡವಿದರೂ ಒಂದು ಉದುರುವುದಿಲ್ಲ. ಅಂದಿನ ಮಾಲೆಯನ್ನು ದೇವರ ಪಟಕ್ಕೆ ಏರಿಸುವಷ್ಟರಲ್ಲಿ ನಾಲ್ಕಾರು ಮಲ್ಲಿಗೆ ನನ್ನ ಕೈಗೇ ಬಂದವು. ನಾನು ಆ ಹೂವನ್ನು ತೋರಿಸಿ ಯಜಮಾನರ ಹತ್ತಿರ ವಾದ ಮಾಡಿದೆ. ಕೊನೆಗೆ ಅವರು ಇಷ್ಟಕ್ಕೆ ಒಪ್ಪಿದರು: ಅವ್ವ ತಾನೇ ಬೆಳಕು ಹಾಕಿಕೊಳ್ಳಲು ಕಲಿತರೆ ಹೋಗಬಹುದು.

ಕೈಯಲ್ಲಿ ಹಿಡಿಯುವ ಟಾರ್ಚ್ ಮನೆಯಲ್ಲಿತ್ತು. ಆದರೆ ಒಂದು ಕೈಗೆ ಮೆಟ್ಟಿಲ ಕಂಬಿ, ಇನ್ನೊಂದಕ್ಕೆ ಬುಟ್ಟಿ. ಮೂರನೆಯ ಕೈ ದೇವರಿಗೆ ಮಾತ್ರ ಇರುತ್ತದೆ. ಮೊಬೈಲಾದರೆ ಹೇಗೂ ಅತ್ತೆಯ ಕೊರಳಲ್ಲಿ ಬಟ್ಟೆಚೀಲದೊಳಗೆ ತೂಗುತ್ತಿರುತ್ತದೆ. ನಾನು ಆ ಚೀಲಕ್ಕೆ ದೀಪವಿರುವ ಕಡೆ ಒಂದು ಕಿಂಡಿ ಕತ್ತರಿಸಿ ಅಂಚು ಹೊಲಿದೆ. ಇನ್ನು ಬೇಕಾದದ್ದು ಇಷ್ಟೇ: ಎಳೆಯದೆ, ಹುಡುಕದೆ, ಒತ್ತಿದರೆ ಹತ್ತುವ ಒಂದು ದೊಡ್ಡ ಗುಂಡಿ.

ಟಾರ್ಚ್ ಎಂದು ಹುಡುಕಿದೆ ನೋಡಿ, ಸಂತೆಯೇ ತೆರೆದುಕೊಂಡಿತು. ಒಂದರಲ್ಲಿ ದಿಕ್ಸೂಚಿ, ಒಂದರಲ್ಲಿ ಆಂಬುಲೆನ್ಸಿನ ಕೂಗು, ಇನ್ನೊಂದರಲ್ಲಿ ಹಾಡಿನ ತಾಳಕ್ಕೆ ಕುಣಿಯುವ ಬೆಳಕು. ಹೆಚ್ಚು ಬಣ್ಣ ಇದ್ದದ್ದನ್ನೇ ನಾನು ಆರಿಸಿದೆ. ಅದು ಏನೇನೋ ಕೇಳಿತು; ಕುಕ್ಕರ್ ಕೂಗುತ್ತಿತ್ತು, ಎಲ್ಲಕ್ಕೂ ಹೂಂ ಒತ್ತಿದೆ. ಅಂದು ಸಂಜೆ ಪ್ರಯೋಗಕ್ಕೆಂದು ಅತ್ತೆಯ ಜೊತೆ ಮೆಟ್ಟಿಲಿಗೆ ಬಂದೆ. ಗುಂಡಿ ಒತ್ತಿದರು. ಬೆಳಕು ಬರಲಿಲ್ಲ, ಒಬ್ಬ ಗಂಡಸಿನ ದನಿ ಬಂತು. ರಮ್ಮಿ ಆಡಿ ಎಂದು ಇಡೀ ಬೀದಿಗೆ ಕೇಳುವ ಹಾಗೆ ಕರೆಯತೊಡಗಿದ.

ಆಚೆ ಜಗಲಿಯಿಂದ ಗೌರಮ್ಮ ಕೂಗಿದರು: "ಏನಮ್ಮೋ, ಊವು ಕಟ್ಟಾಕೆ ಬತ್ತೀಯ ಅಂತ ಕಾದ್ರೆ, ಇಸ್ಪೀಟ್ ಆಡಾಕೆ ಒಂಟ್ಯಾ?"

ಅತ್ತೆ ಸೆರಗಿನಿಂದ ಮೊಬೈಲಿನ ಬಾಯಿ ಮುಚ್ಚಿದರು.

ಮರುದಿನ ಎರಡನೆಯದು ಬಂತು. ಇದರಲ್ಲಿ ಬಣ್ಣ ಕಡಿಮೆ. ದೇವರ ಮುಂದೆ ದೀಪ ಹಚ್ಚಿ ಬಂದು ಅತ್ತೆಯ ಪಕ್ಕ ಕೂತು ತೆರೆದೆ. ನಿಮ್ಮ ಸಂಪರ್ಕಗಳನ್ನು ನೋಡಲು ಅನುಮತಿಸುವಿರಾ ಎಂದಿತು. ಓದಿ ಹೇಳಿದೆ.

"ಅಂದ್ರ?"

"ನಿಮ್ಮ ಫೋನಲ್ಲಿ ಯಾರ್‍ಯಾರ ಹೆಸರು, ನಂಬರ್ ಇದ್ಯೋ ಅದೆಲ್ಲ ಕೊಡ್ಬೇಕಂತೆ ಅತ್ತೆ."

"ಯಾಕ? ಬ್ಯಾಟ್ರಿ ಹಚ್ಚಾಕ ನಮ್ಮ ಮಂದಿ ಹೆಸರ ಯಾಕ ಬೇಕು ಇದಕ್ಕ?" ಅವರ ಊರಲ್ಲಿ ಟಾರ್ಚಿಗೆ ಬ್ಯಾಟ್ರಿ ಎಂದೇ ಹೆಸರು. "ದೀಪಾ ಹಚ್ಚಿದ ಮ್ಯಾಲ ಬಾಜೂಮನಿಯವರಿಗೆ ಉಪ್ಪ ಕೊಡಂಗಿಲ್ಲ ನಾವು. ಗುರ್ತಿಲ್ಲದಾಂವಗ ಮಂದಿ ಹೆಸರ ಕೊಡತೀಯೇನ? ಒಲ್ಲೆ ಅನ್ನು."

"ಬೆಳಿಗ್ಗೆ ಕೇಳಿದ್ರೆ ಕೊಡಬಹುದಾ?"

"ಮುಂಜಾನಿ ಬರಲಿ. ಯಾಕ ಬೇಕು ಅಂತ ಹೇಳಲಿ. ಆಮ್ಯಾಲ ನೋಡೂಣು."

ಒಲ್ಲೆ ಎಂದೆ. ಅದೂ ಮುನಿಸಿಕೊಂಡು ಬೆಳಕು ಕೊಡಲಿಲ್ಲ.

ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಸೂಜಿ ಹೊರಗೆ ಕೊಡಬಾರದು ಎನ್ನುವುದು ನಮ್ಮ ತಾಯಿಯ ಮನೆಯಲ್ಲೂ ಇತ್ತು. ಲಕ್ಷ್ಮಿ ಹೋಗುತ್ತಾಳೆ ಎನ್ನುತ್ತಿದ್ದರು. ನಾನು ಅದನ್ನು ಮರೆತು ಎಷ್ಟೋ ವರ್ಷವಾಗಿತ್ತು. ಈಗ ಅನಿಸುತ್ತದೆ, ಕತ್ತಲಾಗುವ ಹೊತ್ತಿಗೆ ಬಾಗಿಲಿಗೆ ಬಂದು ಕೇಳುವವರ ಮುಖ ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಇರಬೇಕು. ನನ್ನ ಮೊಬೈಲನ್ನು ತೆಗೆದು ನೋಡಿದೆ. ಅಲ್ಲಿ ಪಂಚಾಂಗದ ಆ್ಯಪ್ ನಾನು ಎಲ್ಲೆಲ್ಲಿ ಓಡಾಡುತ್ತೇನೆಂದು ನೋಡುತ್ತಿತ್ತು, ರಂಗೋಲಿಯ ಆ್ಯಪ್ ನನ್ನ ಮಾತು ಕೇಳಿಸಿಕೊಳ್ಳಲು ಒಪ್ಪಿಗೆ ಪಡೆದಿತ್ತು. ಹೂಂ ಎಂದವಳು ನಾನೇ. ಸಂಜೆಯೆಲ್ಲ ಕೂತು ಒಂದೊಂದಾಗಿ ಬಾಗಿಲು ಹಾಕಿದೆ. ಏನೋ ಮನೆ ಗುಡಿಸಿದ ಹಾಗಾಯಿತು.

ನಾನು ಚಿಕ್ಕವಳಿದ್ದಾಗ ಅಪ್ಪನ ಹತ್ತಿರ ಒಂದು ತಗಡಿನ ಟಾರ್ಚ್ ಇತ್ತು. ಬೆಳಕು ಮಂಕಾದರೆ ಸೆಲ್ ತೆಗೆದು ಬಿಸಿಲಿಗಿಡುತ್ತಿದ್ದರು. ಉಪ್ಪಿನಕಾಯಿ ಜಾಡಿಯ ಪಕ್ಕ ಅವೂ ಕಾಯುತ್ತಿದ್ದವು. ನಾವು ಮಕ್ಕಳು ಟಾರ್ಚಿನ ಬಾಯಿಗೆ ಅಂಗೈ ಮುಚ್ಚಿ, ಬೆರಳು ಕೆಂಪಗೆ ಹೊಳೆಯುವುದನ್ನು ನೋಡಿ ಕುಣಿಯುತ್ತಿದ್ದೆವು. ಅದು ನಮ್ಮ ಬೆರಳಿನ ಒಳಗನ್ನೇ ನೋಡಿತು, ಆದರೂ ಯಾರಿಗೂ ಹೇಳಲಿಲ್ಲ. ಇಂದಿನ ಟಾರ್ಚಿಗೆ ಬೆರಳು ಬೇಡ, ನೆಂಟರ ಪಟ್ಟಿ ಬೇಕು.

ಆಮೇಲೆ ನಾನು ಹುಡುಕುವ ಕ್ರಮವನ್ನೇ ಬದಲಿಸಿದೆ. ಏನು ಕೊಡುತ್ತದೆ ಎಂದು ನೋಡುವುದು ಬಿಟ್ಟು ಏನು ಕೇಳುತ್ತದೆ ಎಂದು ಮೊದಲು ಓದತೊಡಗಿದೆ. ಬೇಳೆ ಆರಿಸುವುದು ನನಗೆ ಗೊತ್ತಿರುವ ಕೆಲಸ. ಒಂದೊಂದನ್ನೇ ಬೆರಳಲ್ಲಿ ಸರಿಸುತ್ತಾ ಹೋದೆ. ಕೊನೆಗೆ ತಳದಲ್ಲೆಲ್ಲೋ ಒಂದು ಸಿಕ್ಕಿತು. ಜಾಹೀರಾತಿಲ್ಲ, ಇಂಟರ್‌ನೆಟ್ ಬೇಡ, ನಿಮ್ಮ ಬಗ್ಗೆ ಏನನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಎರಡು ಸಾಲು ಬರೆದಿದ್ದರು. ಅನುಮತಿಗಳ ಪುಟ ತೆರೆದರೆ ಖಾಲಿ. ಒಂದು ಖಾಲಿ ಪುಟ ನೋಡಿ ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ. ತೆರೆದೆ: ಪರದೆಯ ತುಂಬ ಒಂದೇ ಒಂದು ಗುಂಡಿ, ಜೋಳದ ರೊಟ್ಟಿಯಷ್ಟು ದುಂಡಗೆ.

ಅತ್ತೆ ಒತ್ತಿದರು. ಹತ್ತಿತು. ಮತ್ತೆ ಒತ್ತಿದರು. ಆರಿತು.

"ಏನೂ ಕೇಳಲಿಲ್ಲಲ್ಲ?"

"ಏನೂ ಕೇಳಲ್ಲ ಅತ್ತೆ."

"ಯಾರ ಮಾಡ್ಯಾರವಾ ಇದನ್ನ? ಅವರ ಹೊಟ್ಟಿ ತಣ್ಣಗಿರಲಿ."

ಯಾರೋ ನನಗೂ ಗೊತ್ತಾಗಲಿಲ್ಲ. ಯಾವ ಊರಿನವರೋ, ಕೆಲಸ ಮುಗಿಸಿ ಬಂದು ಕೂತು ಮಾಡಿದ್ದೋ ಏನೋ. ನಮ್ಮಿಂದ ಏನನ್ನೂ ತೆಗೆದುಕೊಳ್ಳದವರಿಗೆ ಕೃತಜ್ಞತೆ ಮುಟ್ಟಿಸುವುದು ಹೇಗೆ ಎನ್ನುವುದು ಇನ್ನೂ ನನಗೆ ತಿಳಿದಿಲ್ಲ.

ಪರೀಕ್ಷೆಗೆ ಯಜಮಾನರೇ ನಿಂತರು. ಮೆಟ್ಟಿಲ ದೀಪ ಆರಿಸಿ, "ಹಚ್ಚವ್ವಾ ನೋಡೂಣು" ಎಂದರು. ಅತ್ತೆ ಗುಂಡಿ ಒತ್ತಿ, ಮೊಬೈಲನ್ನು ಚೀಲಕ್ಕಿಳಿಸಿ, ಕಿಂಡಿಯಿಂದ ಬೆಳಕು ಚೆಲ್ಲುತ್ತಾ ಕಂಬಿ ಹಿಡಿದು ಇಳಿದೇಬಿಟ್ಟರು. ಪರೀಕ್ಷೆ ಮಾಡುವವರ ಕಡೆ ತಿರುಗಿಯೂ ನೋಡಲಿಲ್ಲ. ಗೌರಮ್ಮ ಜಗಲಿಯಿಂದಲೇ, "ಬಾ ಬಾ, ಒಳ್ಳೆ ರೈಲ್ ಬಂದಂಗ್ ಬತ್ತಾ ಇದೀಯ!" ಎಂದರು.

ಮೊನ್ನೆ ಮತ್ತೆ ಕರೆಂಟ್ ಹೋಯಿತು. ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ, ಜಗಲಿಯಿಂದ ಹೊರಟ ಅತ್ತೆಯ ಬೆಳಕು ಮೆಟ್ಟಿಲಿಗೆ ಬರುವ ಮೊದಲೇ ನಿಂತುಬಿಟ್ಟಿತು. ಮತ್ತೆ ಬಿದ್ದರೇನೋ ಎಂದು ಒಲೆ ಆರಿಸಿ, ಮೊಬೈಲನ್ನು ಅಡುಗೆಮನೆಯಲ್ಲೇ ಬಿಟ್ಟು ಗೋಡೆ ಹಿಡಿದು ಕೆಳಗೋಡಿದೆ. ನೋಡಿದರೆ ನಮ್ಮ ಕೆಳಮನೆಯಾಕೆ ತನ್ನ ಗೇಟಿನ ಬೀಗಕ್ಕೆ ಕೀಲಿ ತೂರಿಸಲು ಒದ್ದಾಡುತ್ತಿದ್ದಳು. ಅತ್ತೆ ಅವಳಿಗೆ ಎದೆಯೊಡ್ಡಿ ಬೆಳಕು ಹಿಡಿದು ನಿಂತಿದ್ದರು.

"ನೀ ಯಾಕ ಬಂದಿ? ಹೋಗ, ಅನ್ನಕ್ಕ ಇಡು. ಬರತೇನಿ ನಾ."

ಬೈಸಿಕೊಂಡು ತಿರುಗಿದೆ. ಬೀಗ ತೆರೆದ ಸದ್ದು ಕೇಳಿತು. ಮೆಟ್ಟಿಲು ಕಾಣಲಿಲ್ಲ, ಕಾಲಿನಿಂದ ತಡವುತ್ತಾ ಒಂದೆರಡು ಹತ್ತಿರಬೇಕು, ಬೆನ್ನ ಹಿಂದಿನಿಂದ ಬೆಳಕು ಬಂದು ನನ್ನ ಪಾದದ ಮುಂದೆ ಬಿತ್ತು.

"ಸಾವಕಾಶ," ಎಂದರು ಅತ್ತೆ. ನಾನು ಸಾವಕಾಶವಾಗಿ ಹತ್ತಿದೆ.