ಡಬ್ಬಿಯ ತಳದ ಹಾಳೆ

ಎಪ್ಪತ್ತರ ದಶಕದ ನಡುವಿನಲ್ಲಿ ಚಿತ್ರದುರ್ಗದ ಒಂದು ಕಚೇರಿಯಲ್ಲಿ ನನಗೆ ಕಾರ್ಡು ಪಂಚ್ ಮಾಡುವ ಕೆಲಸ. ನರ್ಸ್ ತರಬೇತಿಗೆ ಬಂದ ಅರ್ಜಿಗಳನ್ನು ನೋಡಿಕೊಂಡು, ಒಬ್ಬೊಬ್ಬರಿಗೆ ಒಂದೊಂದು ಕಾರ್ಡಿನಲ್ಲಿ ತೂತು ಹೊಡೆಯಬೇಕು. ಕಾರ್ಡುಗಳು ಟ್ರಂಕಿನಲ್ಲಿ ಬಸ್ಸು ಹತ್ತಿ ಬೆಂಗಳೂರಿನ ದೊಡ್ಡ ಕಂಪ್ಯೂಟರಿಗೆ ಹೋಗುತ್ತಿದ್ದವು. ವಾರ ಕಳೆದು ಆಯ್ಕೆಯ ಪಟ್ಟಿ ಅಚ್ಚಾಗಿ ಬರುತ್ತಿತ್ತು. ಮೂರು ತಿಂಗಳು ಅಲ್ಲಿ ಕಲಿತು ಬಂದವಳು ಕಚೇರಿಯಲ್ಲಿ ನಾನೊಬ್ಬಳೇ. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ, ಕಂಪ್ಯೂಟರ್ ವಿಷಯದಲ್ಲಿ ನನ್ನ ಮಾತೇ ಕೊನೆ.

ಪಟ್ಟಿಯ ಹಿಂದೆ ಮುಂದೆ ಕೆಲವು ಹಾಳೆಗಳಿರುತ್ತಿದ್ದವು. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಅಂಕಿ, ಸಂಕೇತ, ತುಂಡು ವಾಕ್ಯ. ಅವು ಯಂತ್ರ ಕೊಡುವ ಸಂದೇಶಗಳೆಂದು ತರಬೇತಿಯಲ್ಲಿ ಹೇಳಿದ್ದರು. ಅರ್ಥ ಹೇಳಿಕೊಟ್ಟಿರಲಿಲ್ಲ, ನಾನು ಕೇಳಿರಲೂ ಇಲ್ಲ. "ಇದೇನಮ್ಮ?" ಎಂದು ಹೆಡ್ ಕ್ಲಾರ್ಕ್ ಕೇಳಿದಾಗ, "ಮಿಷನ್ನು ತನ್ನಷ್ಟಕ್ಕೆ ಮಾತಾಡ್ಕಳ್ಳೋದು ಸಾರ್" ಎಂದಿದ್ದೆ. ಅಂದಿನಿಂದ ಅವನ್ನು ಹರಿದು ಕಡಲೆಕಾಯಿ ಕಟ್ಟಲು, ಬೀರುವಿಗೆ ಹಾಸಲು ಹಂಚಿಕೊಳ್ಳುತ್ತಿದ್ದೆವು. ಒಳ್ಳೆಯ ದಪ್ಪ ಕಾಗದ.

ಒಂದು ಬೆಳಿಗ್ಗೆ ಬಾಗೂರಿನ ಹುಡುಗಿಯೊಬ್ಬಳು ಬಂದಳು. ಕುರಿ ಸಾಕುವ ಮನೆಯವಳು. ಅಕ್ಕ ತಂಗಿ ಇಬ್ಬರೂ ಅರ್ಜಿ ಹಾಕಿದ್ದರು. ಅಕ್ಕನ ಹೆಸರು ಅರ್ಜಿ ಸಂಖ್ಯೆಯೊಂದಿಗೆ ಪಟ್ಟಿಯಲ್ಲಿ ಬಂದಿತ್ತು, ಇವಳದು ಬಂದಿರಲಿಲ್ಲ.

"ನಂಗೆ ಅಕ್ಕನಿಗಿಂತ ಜಾಸ್ತಿ ನಂಬರ್ ಬಂದೈತ್ರಿ. ಇನ್ನೊಂದ್ಸಲ ನೋಡ್ರಿ. ಸೀಟು ಸಿಗ್ಲಿಲ್ಲ ಅಂದ್ರೆ ಮದ್ವೆ ಮಾಡಿಬಿಡ್ತಾರೆ."

"ಮಿಷನ್ನು ತಪ್ಪು ಮಾಡಲ್ಲಮ್ಮ" ಎಂದೆ. ಪಟ್ಟಿಯನ್ನು ಮತ್ತೆ ತೆರೆಯುವ ಗೋಜಿಗೆ ಹೋಗಲಿಲ್ಲ. ಅವಳು ಹೊರಟುಹೋದಳು. ಆ ದಿನದ ನನ್ನ ಠೀವಿ ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ತಿಂಗಳಾದ ಮೇಲೆ ಮನೆಯಲ್ಲಿ ಅವಲಕ್ಕಿ ಡಬ್ಬಿ ತೊಳೆಯಲು ತೆಗೆದೆ. ತಳಕ್ಕೆ ಹಾಸಿದ್ದ ಹಾಳೆಯಲ್ಲಿ ಬಾಗೂರು ಎಂದಿತ್ತು. ಪಕ್ಕದಲ್ಲಿ ಆ ಹುಡುಗಿಯ ಹೆಸರು, ಅವಳ ತಂದೆಯ ಹೆಸರು. ಮುಂದೆ, 'ಡೂಪ್ಲಿಕೇಟ್ ರೆಕಾರ್ಡ್, ಇಗ್ನೋರ್ಡ್'.

ಅವರ ಮನೆಯಲ್ಲಿ ಇಬ್ಬರಿಗೂ ಮನೆದೇವರ ಹೆಸರೇ. ಹೆಸರಿನ ಮುಂದೆ ಒಬ್ಬಳಿಗೆ ದೊಡ್ಡ, ಇನ್ನೊಬ್ಬಳಿಗೆ ಚಿಕ್ಕ. ನಮ್ಮ ಸೀಮೆಯಲ್ಲಿ ಇದೇನು ಹೊಸದಲ್ಲ. ಅರ್ಜಿಯಲ್ಲೂ ಹಾಗೇ ಬರೆದಿದ್ದರು. ದೊಡ್ಡ, ಚಿಕ್ಕ ಎಲ್ಲ ಮನೆಯಲ್ಲಿ ಕರೆಯುವುದಕ್ಕೆ, ಕಾರ್ಡಿಗೇಕೆ ಎಂದು ಬಿಟ್ಟವಳು ನಾನು. ಎರಡೂ ಕಾರ್ಡು ಒಬ್ಬಳದೇ ಎಂದುಕೊಂಡು ಯಂತ್ರ ಎರಡನೆಯದನ್ನು ಕೈಬಿಟ್ಟಿತ್ತು. ಕೈಬಿಟ್ಟಿದ್ದೇನೆ ಎಂದು ನಮಗೆ ತಿಳಿಸಿಯೂ ಇತ್ತು.

ಸಾಹೇಬರ ಕೈಕಾಲು ಹಿಡಿದು ಸೀಟಿನ ಆದೇಶ ಮಾಡಿಸಿಕೊಂಡು, ಬಾಗೂರಿಗೆ ಹೋಗಲು ಹೊಸದುರ್ಗದ ಬಸ್ಸು ಹತ್ತಿದೆ. ಅಲ್ಲಿ ಹುಡುಗಿಯ ತಾಯಿ ಮನೆಯ ಮುಂದೆ ಕುಳಿತು ಉಣ್ಣೆ ಬಿಡಿಸುತ್ತಿದ್ದಳು. ಚಿಕ್ಕ ಮಗಳಿಗೂ ಸೀಟು ಸಿಕ್ಕಿದೆ ಎಂದು ಆದೇಶ ತೋರಿಸಿದೆ.

"ಅವಳ ಮದ್ವೆ ಆಗಿ ಎಂಟು ದಿನ ಆತು ಕಣವ್ವ. ಧರ್ಮಪುರದ ಕಡೆ ಕೊಟ್ಟೀವಿ" ಎಂದಳು. ಆಮೇಲೆ ಕೇಳಿದಳು, "ಆವಾಗ ಯಾಕೆ ಬರ್ಲಿಲ್ಲ ಅವಳ ಹೆಸ್ರು?"

ನಿಜ ಹೇಳಬೇಕೆಂದೇ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. "ಮಿಷನ್ನಿನ ತಪ್ಪಮ್ಮ" ಎಂದುಬಿಟ್ಟೆ.

ಅವಳು ಒಳಗೆ ಹೋಗಿ ನನಗೆ ಮಜ್ಜಿಗೆ ತಂದುಕೊಟ್ಟಳು.

"ಹೋಗ್ಲಿ ಬಿಡವ್ವ. ತಪ್ಪಾತು ಅಂತ ಹೇಳಾಕೆ ಪಾಪ ಅದಕ್ಕೇನು ಬಾಯಿ ಐತಾ?"

ನಾನು ತಲೆ ತಗ್ಗಿಸಿ ಮಜ್ಜಿಗೆ ಕುಡಿದೆ.