ಅಟ್ಟದ ದೊರೆಸಾನಿ

ಜಿರಲೆ ಕಂಡರೆ ಸ್ಟೂಲು ಹತ್ತುವ ಹೆಂಗಸು ನಾನು. ಹೀಗಿದ್ದೂ ನಮ್ಮ ಬೀದಿಗೆ ಒಂದು ದೆವ್ವವನ್ನು ಕರೆತಂದು ಬಿಟ್ಟವಳು ನಾನೇ ಎಂದರೆ ನೀವು ನಂಬಲಿಕ್ಕಿಲ್ಲ. ಬೀದಿಯವರಂತೂ ಈವರೆಗೂ ನಂಬಿಲ್ಲ. ನನ್ನ ಕಷ್ಟವೆಲ್ಲ ಅಲ್ಲೇ ಇರುವುದು.

ತುರುವೇಕೆರೆಯಲ್ಲಿ ನಮ್ಮದು ಹಳೇ ಕೋಟೆ ಬೀದಿ. ಕೋಟೆ ಹೆಸರಿನಲ್ಲಷ್ಟೇ ಉಳಿದಿದೆ. ಅದರ ಕಲ್ಲುಗಳು ಎಲ್ಲರ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲುಗಳಾಗಿ ಬಹಳ ಕಾಲವಾಯಿತು. ಹೋದ ಬೇಸಿಗೆಯಲ್ಲಿ ಮೈಸೂರಿನಿಂದ ಅಕ್ಕನ ಹೆಣ್ಣುಮಕ್ಕಳಿಬ್ಬರು ಬಂದಿದ್ದರು. ಅರಮನೆ, ಮೃಗಾಲಯ ನೋಡಿ ಬೆಳೆದ ಮಕ್ಕಳಿಗೆ ಇಲ್ಲಿ ತೋರಿಸುವುದೇನು? ಸಂಜೆ ಕಾಫಿ ಮುಗಿಸಿ, ಬೀದಿಯ ದೆವ್ವಗಳನ್ನು ತೋರಿಸಲು ಕರೆದುಕೊಂಡು ಹೊರಟೆ. ಹುಣಸೆಮರದ ಮುನಿ, ಹಾಳುಬಾವಿಯ ಬಸುರಿ, ಪಾಳು ಮಂಟಪದಲ್ಲಿ ಬೀಡಿಗೆ ಬೆಂಕಿ ಕೇಳುವ ಮುದುಕ. ಒಂದೊಂದು ಜಾಗದಲ್ಲೂ ನಿಂತು, ಕಾನ್ವೆಂಟಿನಲ್ಲಿ ಪದ್ಯ ಒಪ್ಪಿಸುತ್ತಿದ್ದ ಹಾಗೆ ಕೈಕಟ್ಟಿಕೊಂಡು ವಿವರಿಸಿದೆ. ಮಕ್ಕಳು ಆಕಳಿಸಿದವು.

ನಮ್ಮ ಕಡೆಯ ದೆವ್ವಗಳಿಗೆ ಬಿಗುಮಾನ ಕಡಿಮೆ. ಸುಣ್ಣ ಕೇಳುತ್ತವೆ, ಬೆಂಕಿ ಕೇಳುತ್ತವೆ, ಸಕ್ಕರೆ ಮುಗಿದ ನೆರೆಮನೆಯವರ ಹಾಗೆ ಏನಾದರೂ ಕೇಳುತ್ತಲೇ ಇರುತ್ತವೆ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಹೇಳುತ್ತಿದ್ದ ದೆವ್ವಗಳ ಗತ್ತೇ ಬೇರೆ. ಬಿಳಿ ಗೌನು, ಕೈಯಲ್ಲಿ ಮೇಣದಬತ್ತಿ, ಯಾರ ಹಂಗೂ ಇಲ್ಲದ ನಡಿಗೆ. ಆಕಳಿಕೆಯ ಅವಮಾನ ತಾಳಲಾರದೆ ಅಂಥ ಇಂಗ್ಲಿಷ್ ದೊರೆಸಾನಿಯೊಬ್ಬಳನ್ನು ಎದುರುಮನೆ ರುದ್ರಮ್ಮನವರ ಅಟ್ಟಕ್ಕೆ ಹತ್ತಿಸಿಬಿಟ್ಟೆ.

ಅಟ್ಟಕ್ಕೇ ಏಕೆಂದರೆ, ಇಲ್ಲಿ ಎಲ್ಲರ ಅಟ್ಟದಲ್ಲೂ ತೆಂಗಿನಕಾಯಿ ಇರುತ್ತದೆ. ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಮಲಗಿ, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಕೊಬ್ಬರಿ ಗಿಟುಕಾಗುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಜ್ವರದಿಂದ ಸತ್ತ ನನ್ನ ದೊರೆಸಾನಿಯೂ ಮೇಣದಬತ್ತಿ ಹಿಡಿದು, ಒಂದೊಂದೇ ಕಾಯಿ ಅಲ್ಲಾಡಿಸಿ ಕಿವಿಗೊಡುತ್ತಾಳೆ ಎಂದೆ. ಮಕ್ಕಳು ಒಬ್ಬರನ್ನೊಬ್ಬರು ಹಿಡಿದುಕೊಂಡವು. ನಾನು ಹಿಗ್ಗಿದೆ.

ಮರುದಿನ ಹಿಟ್ಟಿನ ಗಿರಣಿಯ ಸಾಲಿನಲ್ಲಿ ಅವು ಅದನ್ನು ಎಲ್ಲರಿಗೂ ಹೇಳಿದವು. ನಾನು ಪಕ್ಕದಲ್ಲೇ ನಿಂತು ನಗುತ್ತಿದ್ದೆ.

ವಾರ ಕಳೆದು ರುದ್ರಮ್ಮನವರು ಮಂಡಿ ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತಿದರು. “ಕಾಯಿ ಇಳ್ಸಕ್ಕೆ ಕೆಂಪಕ್ಕನ ಕಡೆಯೋರು ಒಲ್ಲೆ ಅಂತಾವ್ರೆ ಕಣವ್ವ. ಮ್ಯಾಲೆ ಯಾವಳೋ ದೊರೆಸಾನಿ ಸೇರ್ಕೊಂಡವ್ಳಂತೆ. ಮೂವತ್ತು ವರ್ಷದಿಂದ ಆ ಮನೇಲಿದೀನಿ, ನಂಗೊಂದು ಮಾತು ಹೇಳ್ಲಿಲ್ಲ ನೋಡು ಅವಳು.”

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಗಂಡನಿಲ್ಲದ ರುದ್ರಮ್ಮನವರಿಗೆ ಆ ಅಟ್ಟದ ಕೊಬ್ಬರಿಯೇ ವರ್ಷದ ಅನ್ನ. ಮಳೆ ಹಿಡಿದು ಬೂಷ್ಟು ಬಂದರೆ ತಿಪಟೂರು ಮಾರುಕಟ್ಟೆಯಲ್ಲಿ ಅದನ್ನು ಮುಟ್ಟುವವರಿಲ್ಲ. ಮೋಡ ಆಗಲೇ ಕಟ್ಟುತ್ತಿತ್ತು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಅವರು ನನ್ನ ಗಲ್ಲ ಸವರಿ, “ನಂಗೆ ಧೈರ್ಯ ಹೇಳಕ್ಕೆ ಹಿಂಗಂತೀಯ” ಎಂದರು.

ಕಾಯಿ ಸುಲಿಯುವ ಆಳುಗಳ ಮುಖ್ಯಸ್ಥೆ ಕೆಂಪಕ್ಕನ ಬಳಿಗೆ ಓಡಿದೆ. “ಕೆಂಪಕ್ಕ, ಅದು ನಾನೇ ಕಟ್ಟಿದ ಕಥೆ.”

“ಕಾಯಿ ಅಲ್ಲಾಡ್ಸಿ ನೋಡ್ತಾಳಂತಲ್ಲ ಅಮ್ಮಾವ್ರೆ. ಅದನ್ನ ಕಟ್ಟಕ್ಕಾಯ್ತದಾ? ಕಸುಬು ಬಲ್ಲೋಳೇ ಅವಳು.”

“ದೇವರಾಣೆ ಸುಳ್ಳು.”

ಕೆಂಪಕ್ಕ ಎಲೆಗೆ ಸುಣ್ಣ ಹಚ್ಚುತ್ತ ನನ್ನನ್ನು ನೋಡಿದಳು. “ಸುಳ್ಳಾದ್ರೆ ನೀವೇ ಮೊದ್ಲು ಹತ್ತಿ. ಒಂದು ಕಾಯಿ ಕೆಳಕ್ಕೆ ಹಾಕಿ. ಹಿಂದಿಂದೇ ನಾವು ಬತ್ತೀವಿ.”

ಸುಳ್ಳು ಹೇಳುವಾಗ ಅದಕ್ಕೆ ಏಣಿ ಹತ್ತಬೇಕಾದೀತೆಂದು ಯಾರಿಗೆ ಹೊಳೆಯುತ್ತದೆ? ಹಾಡಹಗಲು ಹನ್ನೊಂದು ಗಂಟೆಗೆ ಸೆರಗು ಸಿಕ್ಕಿಸಿ ಬಿದಿರೇಣಿ ಹತ್ತಿದೆ. ಕೆಳಗೆ ಆಳುಗಳೆಲ್ಲ ಮುಖ ಎತ್ತಿ ನಿಂತಿದ್ದರು. ರುದ್ರಮ್ಮನವರು ಏಣಿಯ ಬುಡ ಹಿಡಿದಿದ್ದರು. ಮೇಲೆ ಮಸಿಯ ವಾಸನೆ, ಕಾದ ಹೆಂಚಿನ ಝಳ. ಗಾಜಿನ ಹೆಂಚಿನಿಂದ ಇಳಿದ ಬೆಳಕು ಧೂಳಿನಲ್ಲಿ ಮೂಲೆಯೊಂದರಲ್ಲಿ ನೆಟ್ಟಗೆ, ಬೆಳ್ಳಗೆ, ಗೌನು ತೊಟ್ಟ ಹಾಗೆ ನಿಂತಿತ್ತು. ಅಷ್ಟರಲ್ಲಿ ಅದರ ಹಿಂದೆ ಒಂದು ಕಾಯಿ ಗಡಗಡ ಎಂದಿತು.

ಇಲಿ. ಇಲಿಯೇ ಇರಬೇಕು. ಆದರೆ ಆ ಗೌನನ್ನು ನಾನೇ ಹೊಲಿದು ತೊಡಿಸಿದ್ದು ಎಂಬುದು ಆ ಗಳಿಗೆಯಲ್ಲಿ ಮರೆತೇಹೋಯಿತು. ಶಿವನ ಹೆಸರು ಕೂಡ ಬಾಯಿಗೆ ಬರಲಿಲ್ಲ. ಹತ್ತು ವರ್ಷ ದಿನಾ ಬೆಳಿಗ್ಗೆ ಹೇಳಿದ್ದ ಕಾನ್ವೆಂಟಿನ ಇಂಗ್ಲಿಷ್ ಪ್ರಾರ್ಥನೆಯೇ ಬಂದದ್ದು. ಗಟ್ಟಿಯಾಗಿ ಹೇಳಿದೆ. ಅದು ಮುಗಿದರೂ ಧೈರ್ಯ ಸಾಲದೆ, ಊಟಕ್ಕೆ ಮುಂಚೆ ಹೇಳುವುದನ್ನೂ ಕಣ್ಣು ಮುಚ್ಚಿಕೊಂಡು ಹೇಳಿದೆ. ಆಮೇಲೆ ಕೈಗೆ ಸಿಕ್ಕ ಕಾಯಿಯನ್ನು ಕೆಳಕ್ಕೆ ಎಸೆದೆ. ಧೊಪ್ಪೆಂದು ಬಿತ್ತು. ಏಣಿ ಅಲುಗಾಡಿತು. ಆಳುಗಳು ಹತ್ತಿ ಬರುತ್ತಿದ್ದರು.

ಮೂರು ದಿನದಲ್ಲಿ ಅಟ್ಟ ಬರಿದಾಗಿ, ಸುಲಿದ ಮಟ್ಟೆಯ ರಾಶಿ ಬೇಲಿಯ ಎತ್ತರ ಬಂತು. ಗಾಡಿ ತಿಪಟೂರಿಗೆ ಹೋದ ಮಾರನೆಯ ದಿನ ಮಳೆ ಶುರುವಾಯಿತು. ರುದ್ರಮ್ಮನವರು ಒಂದು ಗಿಟುಕು ತಂದು ನನ್ನ ಮಡಿಲಿಗೆ ಹಾಕಿ ಹೋದರು. ಸದ್ಯ, ಆ ಸುಳ್ಳು ಅಲ್ಲಿಗೆ ಸತ್ತಿತು ಎಂದುಕೊಂಡೆ.

ಮತ್ತೆ ಅದೇ ಗಿರಣಿಯ ಸಾಲಿನಲ್ಲಿ ಕೆಂಪಕ್ಕನ ದನಿ ಕೇಳಿಸಿತು. “ಕಿವಿಯಾರೆ ಕೇಳೀನಿ ಕಣ್ರೀ. ಅಮ್ಮಾವ್ರು ಅವಳ ಜತೆ ಇಂಗ್ಲೀಷಲ್ಲೇ ಮಾತಾಡುದ್ರು. ಮೊದ್ಲು ಅವಳು ಒಪ್ಲಿಲ್ಲ. ಆಮ್ಯಾಕೆ ಇವರು ಇನ್ನೊಂದು ಏನೋ ಹೇಳುದ್ರು, ತೆಪ್ಪಗೆ ಹೋದ್ಲು.”

ಹಿಟ್ಟಿನ ಡಬ್ಬ ಹಿಡಿದು ನಿಂತಲ್ಲೇ ಕಲ್ಲಾದೆ. ಕಟ್ಟುಕಥೆ ಹೇಳಿದಾಗ ಸಾಕ್ಷಿ ಕೇಳದ ಬೀದಿ, ನಿಜ ಹೇಳಿದಾಗ ಏಣಿ ಹತ್ತಿಸಿತ್ತು. ಈಗ ನನ್ನ ಹೆದರಿಕೆಯನ್ನೇ ಮಂತ್ರವಿದ್ಯೆ ಮಾಡಿತ್ತು. ಯಜಮಾನರು ಇದನ್ನು ಕೇಳಿ ಟ್ರಾನ್ಸಿಸ್ಟರ್ ಆರಿಸಿ ನಕ್ಕರು.

ಮೊನ್ನೆ ಬಿಳಿಗೆರೆಯ ರೈತರೊಬ್ಬರು ಎಳನೀರಿನ ಗೊನೆ ಹೊತ್ತು ಬಂದು ಜಗಲಿಯಲ್ಲಿ ಕುಳಿತರು. “ನಮ್ಮ ಅಟ್ಟದಾಗೂ ಒಬ್ಳು ಸೇರ್ಕೊಂಡವ್ಳೆ ತಾಯಿ. ಆಳು ಹತ್ತಾ ಇಲ್ಲ. ಅವಳಿಗೆ ಇಂಗ್ಲೀಷ್ ಬತ್ತದೋ ಇಲ್ವೋ, ಅದೊಂದು ಗೊತ್ತಿಲ್ಲ.”

ನಾನು ಮೊದಲಿನಿಂದ ಎಲ್ಲವನ್ನೂ ವಿವರಿಸತೊಡಗಿದೆ. ಅವರು ತಾಳ್ಮೆಯಿಂದ ತಲೆಯಾಡಿಸುತ್ತಿದ್ದರು. ದೊಡ್ಡವರು ಹೀಗೇ ತಮ್ಮನ್ನು ತಾವು ಮರೆಮಾಡಿಕೊಳ್ಳುವುದು ಎಂಬ ಭಾವ ಆ ಮುಖದಲ್ಲಿತ್ತು. ನಡುನಡುವೆ ಅವರ ಕಣ್ಣು ನನ್ನನ್ನು ಬಿಟ್ಟು, ಹೆಂಚಿನ ಆಚೆ ಕಪ್ಪಾಗುತ್ತಿದ್ದ ಆಕಾಶದ ಕಡೆಗೆ ಹೋಗಿ ಬರುತ್ತಿತ್ತು. ಅದನ್ನು ಕಂಡು ನನ್ನ ನಿಜ ಅರ್ಧಕ್ಕೇ ನಿಂತಿತು.

ಏಣಿ ಗಟ್ಟಿಯಾಗಿದೆಯೇ ಎಂದು ಕೇಳಿದೆ.